ಕಪ್ಪು ರಟ್ಟಿನೊಳಗಿನ ಇಂಗ್ಲಿಷು

ಮಾರ್ಚ್ ಬಂತೆಂದರೆ ಬೊರಿವಲಿ ಪಶ್ಚಿಮದ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಸ್ಟೇಷನ್ನಿನಿಂದ ಇಳಿದು ಚಂದಾವರ್ಕರ್ ರಸ್ತೆಯ ಕಡೆ ನಡೆದರೆ ಸಾಕು, ಕೌಂಟರಿನ ಮುಂದೆ ಬೆನ್ನಿಗೆ ಚೀಲ ಹಾಕಿದ ಹುಡುಗ ಹುಡುಗಿಯರ ಗುಂಪು, ಒಳಗೆ ಬಿಸಿ ಕಾಗದದ ವಾಸನೆ, ಗೋಡೆಗೆ ಒರಗಿಸಿಟ್ಟ ಕಪ್ಪು ರೆಕ್ಸಿನ್ನಿನ ದಪ್ಪ ಪುಸ್ತಕಗಳು. ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಮುಂಬಯಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿ.ಎಂ.ಎಸ್., ಬಿ.ಎ.ಎಫ್. ಮುಂತಾದ ಪದವಿಗಳಿಗೆ ಓದುವವರು ಕೊನೆಯ ವರ್ಷ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದು. ಅಧಿಕೃತ ಹೆಸರು ಏನೇ ಇರಲಿ, ಮಕ್ಕಳ ಬಾಯಲ್ಲಿ ಅದು 'ಬ್ಲ್ಯಾಕ್ ಬುಕ್'. ಎಷ್ಟೋ ಮಕ್ಕಳು ತಮ್ಮ ಜೀವನದಲ್ಲಿ ಬರೆಯುವ ಮೊದಲ ಉದ್ದನೆಯ ಇಂಗ್ಲಿಷ್ ಬರಹ ಅದೇ. ಕೆಲವರಿಗೆ ಕೊನೆಯದೂ ಅದೇ.

ಅಂಥದೊಂದು ಬ್ಲ್ಯಾಕ್ ಬುಕ್ ಬೈಂಡಿಂಗಿಗೆ ಹೋಗುವ ಮೂರು ದಿನ ಮೊದಲು ನನ್ನ ಕೈಗೆ ಬಂತು. ನಮ್ಮ ಸೊಸೈಟಿಯ ಮೂರನೇ ಮಾಳಿಗೆಯ ಹುಡುಗಿಯದು. ಮನೆಯಲ್ಲಿ ತುಳು, ಲಿಫ್ಟಿನಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ, ಗೆಳತಿಯರ ಹತ್ತಿರ ಇಂಗ್ಲಿಷು. ಕನ್ನಡ ಏನಿದ್ದರೂ ಅಜ್ಜನ ಪೇಪರಿನಲ್ಲಿ. 'ಅಂಕಲ್, ಜಸ್ಟ್ ಗ್ರಾಮರ್ ನೋಡಿ' ಎಂದು ಎಂಬತ್ತು ಪುಟಗಳ ಪ್ರಿಂಟೌಟು ಮೇಜಿನ ಮೇಲಿಟ್ಟು ಹೋದಳು. ವಿಷಯ ಚೆನ್ನಾಗಿತ್ತು. ಬೊರಿವಲಿಯ ಸಣ್ಣ ಅಂಗಡಿಗಳಲ್ಲೂ ಹೋಟೆಲುಗಳಲ್ಲೂ ಯುಪಿಐ ಬಂದ ಮೇಲೆ ವ್ಯಾಪಾರ ಹೇಗಿದೆ ಎಂಬುದು. ಬಿಸಿಲಿನಲ್ಲಿ ಸುತ್ತಿ ಮೂವತ್ತು ಕಡೆ ಕೇಳಿ ಬಂದಿದ್ದಳು. ಅದರಲ್ಲಿ ಅರ್ಧದಷ್ಟು ನಮ್ಮೂರ ಕಡೆಯವರ ಹೋಟೆಲುಗಳೇ.

ವ್ಯಾಕರಣದ ತಪ್ಪು ಅಷ್ಟಾಗಿ ಇರಲಿಲ್ಲ. ಕಂಪ್ಯೂಟರು ಕೆಂಪು ಗೆರೆ ಎಳೆದೆಳೆದು ತಿದ್ದಿಸಿತ್ತು. ತೊಡಕಿದ್ದದ್ದು ಬೇರೆ ಕಡೆ. ಎರಡನೇ ಅಧ್ಯಾಯ, ರಿಸರ್ಚ್ ಮೆಥಡಾಲಜಿ. ಅಲ್ಲಿ ಒಂದು ವಾಕ್ಯ: ಮೂವತ್ತು ಮಂದಿ 'ಡಿಮಿನ್ಯುಟಿವ್ ಮರ್ಚಂಟ್ಸ್' ಅವರನ್ನು 'ಇಂಟರಾಗೇಟ್' ಮಾಡಲಾಯಿತು.

ಓದಿದವನೇ ನಕ್ಕುಬಿಟ್ಟೆ. ಮೂವತ್ತು ಮಂದಿ ಕುಳ್ಳ ವರ್ತಕರನ್ನು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದ ಹಾಗಿತ್ತು. ಮಾರನೆಯ ದಿನ ಅವರ ಮನೆಗೇ ಹೋದೆ. ಅಜ್ಜ ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದರು. ಉಡುಪಿ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು, ಕೊನೆಗೆ ಬ್ಯಾಂಕಿನ ಗುಮಾಸ್ತರಾಗಿ ನಿವೃತ್ತರಾದವರು. ವಾಕ್ಯವನ್ನು ಅವರಿಗೆ ಓದಿ ಹೇಳಿದೆ. ಕನ್ನಡಕ ಹಣೆಗೇರಿಸಿ ಮೊಮ್ಮಗಳ ಕಡೆ ನೋಡಿದರು. 'ಇಂಟರಾಗೇಟ್ ಮಾಡುವುದು ಪೊಲೀಸರಲ್ವಾ ಮಗಾ? ನೀನು ಚಾ ಕುಡಿದುಕೊಂಡು ಕೇಳಿ ಬಂದದ್ದು.'

ಬಡಬಡ ಇಂಗ್ಲಿಷ್ ಮಾತಾಡುವ ಮೊಮ್ಮಗಳಿಗೆ ಗೊತ್ತಾಗದ್ದು, ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಸರಾಗವಾಗಿ ಮಾತಾಡಲು ಇವತ್ತಿಗೂ ತಡವರಿಸುವ ಅಜ್ಜನಿಗೆ ಗೊತ್ತಾದದ್ದು ಹೇಗೆ? ಈ ಲೇಖನಕ್ಕೆ ಕಾರಣವೇ ಆ ಪ್ರಶ್ನೆ.

ಮೊದಲು ಆ ಪದ ಅಲ್ಲಿಗೆ ಬಂದದ್ದು ಹೇಗೆಂದು ಕೇಳಿದೆ. ಹಳೆಯ ಕರಡು ತೋರಿಸಿದಳು. ಅದರಲ್ಲಿ 'ಸ್ಮಾಲ್ ಶಾಪ್‌ಕೀಪರ್ಸ್ ವರ್ ಆಸ್ಕ್ಡ್' ಎಂದಿತ್ತು. ಸರಿಯಾಗಿಯೇ ಇತ್ತು! 'ಆಸ್ಕ್ ಅಂದರೆ ಸ್ಕೂಲ್ ಎಸ್ಸೇ ಥರ ಕಾಣುತ್ತೆ ಅಂಕಲ್' ಎಂದಳು. ಅದಕ್ಕೇ ವರ್ಡ್ ಕಡತದಲ್ಲಿ ಶಿಫ್ಟ್ ಮತ್ತು ಎಫ್7 ಒತ್ತಿ, ಸಮಾನಾರ್ಥಕಗಳ ಪಟ್ಟಿಯಲ್ಲಿ ಉದ್ದನೆಯದನ್ನು ಆರಿಸಿದ್ದಳು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ತನ್ನ ಥೆಸಾರಸ್ ಪ್ರಕಟಿಸಿದ್ದು, ಹೇಳಬೇಕಾದ ಸಂಗತಿ ಮನಸ್ಸಿನಲ್ಲಿದ್ದು ಪದ ಮಾತ್ರ ನಾಲಗೆಗೆ ಬಾರದವರಿಗಾಗಿ. ಪಟ್ಟಿಯಲ್ಲಿರುವ ಪದಗಳ ಪರಿಚಯ ಓದುಗನಿಗೆ ಮೊದಲೇ ಇದೆ ಎಂಬುದು ಅದರ ಲೆಕ್ಕಾಚಾರ. ಪರಿಚಯವಿಲ್ಲದವನ ಕೈಗೆ ಅದು ಸಿಕ್ಕರೆ ಮದುವೆ ಮನೆಯಲ್ಲಿ ಚಪ್ಪಲಿ ಬದಲಾದ ಹಾಗೆ. ಕಾಲಿಗೇನೋ ಹೋಗುತ್ತದೆ, ನಡೆಯಲಾಗುವುದಿಲ್ಲ.

ಎರಡನೇ ಕಾರಣವನ್ನು ಸ್ವಲ್ಪ ಹಿಂಜರಿಯುತ್ತಲೇ ಹೇಳಿದಳು. 'ಪ್ಲೇಜರಿಸಂ ಪರ್ಸಂಟೇಜು.' ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಸಾಮ್ಯ ಶೇ. 10ರೊಳಗಿದ್ದರೆ ದಂಡವಿಲ್ಲ, 10ರಿಂದ 40, 40ರಿಂದ 60, 60ಕ್ಕೂ ಮೇಲೆ ಎಂದು ಮೂರು ಹಂತದ ಶಿಕ್ಷೆ. ಅದರ ಗುರಿ ಸಂಶೋಧನಾ ಪ್ರಬಂಧಗಳು, ಮಹಾಪ್ರಬಂಧಗಳು. ಆದರೆ ಭಯ ಎನ್ನುವುದು ಮಾಳಿಗೆಯ ನೀರಿನ ಹಾಗೆ, ಕೆಳಗಿನ ಮನೆಗೂ ಸೋರುತ್ತದೆ. ಈಗ ಪದವಿ ತರಗತಿಯ ಮಕ್ಕಳೂ ಸಾಫ್ಟ್‌ವೇರ್ ತೋರಿಸುವ ಶೇಕಡಾವಾರಿಗೆ ಹೆದರಿ ಬರೆಯುತ್ತಾರೆ. ಯಂತ್ರಕ್ಕೆ ಸಿಕ್ಕಿಬೀಳುವುದು ಒಂದೇ ತೆರನಾದ ಪದಸರಣಿ. ಪದ ಬದಲಿಸಿದರೆ ಶೇಕಡಾ ಇಳಿಯುತ್ತದೆ. ವಿಚಾರ ಕದ್ದದ್ದೋ ಸ್ವಂತದ್ದೋ ಎಂಬುದು ಯಂತ್ರಕ್ಕೆ ಬೇಕಿಲ್ಲ.

ಇದು ಬೊರಿವಲಿಯ ಹುಡುಗಿಯೊಬ್ಬಳ ಕತೆ ಅಂದುಕೊಳ್ಳಬೇಡಿ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬೆ, ಅಲೆಕ್ಸಾಂಡರ್ ಮಗಜಿನೋವ್ ಎಂಬ ಮೂವರು ಸಂಶೋಧಕರು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಗಳಲ್ಲೇ ಇಂಥ ಪದಗಳ ರಾಶಿ ಹೆಕ್ಕಿ ತೆಗೆದು, ಅವಕ್ಕೆ 'ಚಿತ್ರಹಿಂಸೆಗೊಳಗಾದ ಪದಪುಂಜ'ಗಳೆಂದು ಹೆಸರಿಟ್ಟರು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅಲ್ಲಿ 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಆಗಿತ್ತು, ಅಂದರೆ ಖೋಟಾ ಪ್ರಜ್ಞೆ. 'ಬಿಗ್ ಡೇಟಾ' 'ಕಲಾಸಲ್ ಇನ್‌ಫರ್ಮೇಶನ್' ಆಗಿತ್ತು. ಸ್ತನ ಕ್ಯಾನ್ಸರನ್ನು ಯಾರೋ 'ಬುಸಮ್ ಪೆರಿಲ್' ಮಾಡಿಟ್ಟಿದ್ದರು, ಎದೆಯ ಗಂಡಾಂತರ! ಯಂತ್ರದಿಂದ ಪದ ಬದಲಿಸಿ, ಇನ್ನೊಂದು ಯಂತ್ರದ ಕಣ್ಣು ತಪ್ಪಿಸಿದ್ದು. ನಡುವೆ ಓದಿ ನೋಡಿದ ಮನುಷ್ಯರು ಯಾರೂ ಇದ್ದಂತಿಲ್ಲ. ದೊಡ್ಡವರೇ ಹೀಗೆ ಮಾಡಿದ ಮೇಲೆ ಇಪ್ಪತ್ತರ ಹುಡುಗಿಯ 'ಇಂಟರಾಗೇಟ್' ಯಾವ ಲೆಕ್ಕ?

ಹಾಗಾದರೆ ಕಾಲೇಜಿನ ಬರವಣಿಗೆಗೆ ಬೇಕಾದ ಪದಗಳು ಯಾವುವು? ಈ ಪ್ರಶ್ನೆಯನ್ನು ಮೊದಲು ಕಟ್ಟುನಿಟ್ಟಾಗಿ ಹಿಡಿದವರಲ್ಲೊಬ್ಬ ನಮ್ಮ ಉಪಖಂಡದಲ್ಲೇ ಮೇಷ್ಟ್ರಾಗಿದ್ದ. ಮೈಕೆಲ್ ವೆಸ್ಟ್. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದವನು. ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಮಾತಿಗಿಂತ ಇಂಗ್ಲಿಷ್ ಓದು ಮುಖ್ಯ, ಅದಕ್ಕೆ ಕಡಿಮೆ ಪದಗಳಲ್ಲಿ ಹೆಚ್ಚು ದೂರ ಹೋಗುವ ದಾರಿ ಬೇಕು ಎಂದು 1920ರ ದಶಕದಲ್ಲೇ ವಾದಿಸಿದ. ಅವನು ಹೊರತಂದ ಸುಮಾರು 2000 ಸಾಮಾನ್ಯ ಪದಗಳ ಪಟ್ಟಿ 1953ರಲ್ಲಿ ಪುಸ್ತಕವಾಯಿತು. ಅದಾಗಿ ಹೆಚ್ಚುಕಡಿಮೆ ಅರ್ಧ ಶತಮಾನಕ್ಕೆ, 2000ದಲ್ಲಿ, ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಎಂಬಾಕೆ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ 35 ಲಕ್ಷ ಪದಗಳಷ್ಟು ಪಠ್ಯ ಗುಡ್ಡೆ ಹಾಕಿ ಎಣಿಸಿದಳು. ವೆಸ್ಟನ 2000 ಪದಗಳಲ್ಲಿ ಆ ಪಠ್ಯದ ಸುಮಾರು ಶೇ. 76 ಮುಗಿದುಹೋಗುತ್ತದೆ. ಇನ್ನೊಂದು ಶೇ. 10ಕ್ಕೆ ಬರೇ 570 ಪದಕುಟುಂಬಗಳು ಸಾಕು. ಅನಲೈಸ್, ಕಾನ್ಸೆಪ್ಟ್, ಇಂಡಿಕೇಟ್, ಅಸ್ಯೂಮ್, ಡಿರೈವ್, ಸಿಗ್ನಿಫಿಕೆಂಟ್, ಇಂಟರ್‌ಪ್ರೆಟ್, ಇಂಥವು. ವಾಣಿಜ್ಯದ ಪುಸ್ತಕಗಳಲ್ಲಂತೂ ಇವುಗಳ ಪಾಲು ಶೇ. 12. ಕತೆ ಕಾದಂಬರಿಗಳಲ್ಲಿ ನೋಡಿದರೆ ಶೇ. ಒಂದೂವರೆಯೂ ಇಲ್ಲ.

ಈ ಕೊನೆಯ ಲೆಕ್ಕವನ್ನು ಒಂದು ಗಳಿಗೆ ಗಮನಿಸಿ. ಕಾಮರ್ಸ್ ಓದುವ ಹುಡುಗಿಗೆ ಪುಟಪುಟಕ್ಕೂ ಬೇಕಾದ ಪದಗಳು ಅವಳು ಓದುವ ಕಾದಂಬರಿಯಲ್ಲಿ, ನೋಡುವ ಸಿರೀಸಿನಲ್ಲಿ, ಗೆಳತಿಗೆ ಕಳಿಸುವ ಮೆಸೇಜಿನಲ್ಲಿ ಸಿಗುವುದೇ ಅಪರೂಪ. ಅವು ದೊಡ್ಡ ಪದಗಳೇನಲ್ಲ. 'ಪ್ಲೆಥೊರಾ', 'ಮಿರಿಯಡ್' ಥರ ಮೆರವಣಿಗೆ ಹೊರಡುವಂಥವಲ್ಲ. ನಡುಮನೆಯ ಪದಗಳು. ಕೆಲಸ ಮಾಡುತ್ತವೆ, ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮಕ್ಕಳು ಅಂಗಳದ ಪದಗಳಿಂದ ನೇರ ಉಪ್ಪರಿಗೆಯ ಪದಗಳಿಗೆ ಏಣಿ ಹಾಕುತ್ತಾರೆ. ನಡುಮನೆಗೆ ಕಾಲಿಡುವುದೇ ಇಲ್ಲ.

ಪಟ್ಟಿ ಬಾಯಿಪಾಠ ಮಾಡಿದರೆ ಮುಗಿಯಿತೇ? ಅದೂ ಇಲ್ಲ. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರಾಗಿದ್ದ ಜೆ.ಆರ್. ಫರ್ತ್ ಮುಂದೆ ಇಂಗ್ಲೆಂಡಿನಲ್ಲಿ ದೊಡ್ಡ ಭಾಷಾವಿಜ್ಞಾನಿ ಅನ್ನಿಸಿಕೊಂಡವನು. ಪದವನ್ನು ಅದರ ಸಹವಾಸದಿಂದ ಅಳೆಯಬೇಕು ಎಂಬುದು ಅವನ ಸಿದ್ಧಾಂತ. ನಮ್ಮ ಹಿರಿಯರು ಮಕ್ಕಳ ಬಗ್ಗೆ ಹೇಳುತ್ತಿದ್ದುದೂ ಇದನ್ನೇ. ಹುಡುಗ ಎಂಥವನು ಅಂತ ಕೇಳಬೇಡ, ಯಾರ ಜೊತೆ ತಿರುಗುತ್ತಾನೆ ನೋಡು. 'ಇಂಟರಾಗೇಟ್' ತಿರುಗುವುದು ಪೊಲೀಸು, ಸಸ್ಪೆಕ್ಟು, ಕಸ್ಟಡಿಗಳ ಜೊತೆ. ಇಡ್ಲಿ ಸಾಂಬಾರಿನವರ ಜೊತೆ ಅಲ್ಲ.

ಕನ್ನಡದವರಿಗೆ, ತುಳುವಿನವರಿಗೂ ಅಷ್ಟೇ ಅನ್ನಿ, ಈ ಸಹವಾಸದ ವಿಷಯದಲ್ಲಿ ಒಂದು ವಿಶೇಷ ಕಷ್ಟವಿದೆ. ನಮ್ಮ 'ಮಾಡು' ಎಂಬ ಕ್ರಿಯಾಪದ ಒಟ್ಟು ಕುಟುಂಬದ ಹಿರಿಸೊಸೆ. ಊಟ ಅದೇ ಮಾಡಬೇಕು, ನಿದ್ದೆ ಅದೇ ಮಾಡಬೇಕು, ಮದುವೆ, ತಪ್ಪು, ನಿರ್ಧಾರ, ಸಮೀಕ್ಷೆ ಎಲ್ಲ ಅದರ ತಲೆಗೇ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ಆಳು. ತಪ್ಪಿಗೆ 'ಮೇಕ್', ಸಮೀಕ್ಷೆಗೆ 'ಕಂಡಕ್ಟ್', ಸಂಶೋಧನೆಗೆ 'ಕ್ಯಾರಿ ಔಟ್', ತೀರ್ಮಾನಕ್ಕೆ 'ಡ್ರಾ', ಬಾವಿಯಿಂದ ನೀರು ಸೇದಿದ ಹಾಗೆ. ನಮ್ಮ ಹುಡುಗಿ 'ಗಿವ್ ಕನ್‌ಕ್ಲೂಷನ್' ಎಂದು ಬರೆದಿದ್ದಳು. ಅರ್ಥವಾಗುತ್ತದೆ, ನಿಜ. ಆದರೆ ಓದುವವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಒಂದು ಕ್ಷಣ ಹಲ್ಲು ನಿಲ್ಲುತ್ತದೆ.

ಇನ್ನೊಂದು ತಮಾಷೆ. ಮಂಗಳೂರಿನಲ್ಲಿರುವ ಅವಳ ಚಿಕ್ಕಪ್ಪನ ಮಗ 'ಐ ರೋಟ್ ದ ಎಕ್ಸಾಮ್' ಅನ್ನುತ್ತಾನೆ. ಇವಳು 'ಐ ಗೇವ್ ದ ಎಕ್ಸಾಮ್' ಅನ್ನುತ್ತಾಳೆ. ಇಬ್ಬರೂ ಒಂದೇ ಮನೆತನದ ಮಕ್ಕಳು. ಕನ್ನಡದಲ್ಲಿ ಪರೀಕ್ಷೆ ಬರೆಯುತ್ತೇವೆ. ಮರಾಠಿ, ಹಿಂದಿ, ಗುಜರಾತಿ ಮೂರರಲ್ಲೂ ಪರೀಕ್ಷೆ ಕೊಡುತ್ತಾರೆ. ಬೊರಿವಲಿಯ ಇಂಗ್ಲಿಷಿನ ತಳದಲ್ಲಿ ಹರಿಯುವುದು ಆ ಮೂರು ಭಾಷೆ. ಇಂಗ್ಲೆಂಡಿನವನು ಪರೀಕ್ಷೆ 'ತೆಗೆದುಕೊಳ್ಳುತ್ತಾನೆ'. ಒಬ್ಬನಿಗೆ ಅದು ಕೈಕೆಲಸ, ಇನ್ನೊಬ್ಬಳಿಗೆ ಒಪ್ಪಿಸುವ ವಸ್ತು, ಮತ್ತೊಬ್ಬನಿಗೆ ನುಂಗುವ ಔಷಧಿ.

ಇದನ್ನೆಲ್ಲ ತಪ್ಪು ಎಂದು ಕೆಂಪು ಶಾಯಿ ಸುರಿಯಬೇಕೇ? ನಾನಂತೂ ಸುರಿಯುವುದಿಲ್ಲ. ಭಾರತೀಯ ಇಂಗ್ಲಿಷಿಗೆ ಅದರದೇ ನಡಿಗೆ ಇದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿಯವರು 1978ರಲ್ಲಿ ಅಚ್ಚಾದ ಭಾರತೀಯ ಇಂಗ್ಲಿಷ್ ಬರಹಗಳಿಂದ ತಲಾ 2000 ಪದಗಳ 500 ತುಣುಕುಗಳನ್ನು ಆಯ್ದು ಹತ್ತು ಲಕ್ಷ ಪದಗಳ ಭಂಡಾರ ಕಟ್ಟಿದರು. ಅಮೆರಿಕದ ಬ್ರೌನ್ ಭಂಡಾರದ ಮಾದರಿಯಲ್ಲಿ ಕಟ್ಟಿದ ಅದನ್ನು ಜಗತ್ತಿನ ಭಾಷಾವಿಜ್ಞಾನಿಗಳು ಕೊಲ್ಹಾಪುರ ಕಾರ್ಪಸ್ ಎಂದೇ ಕರೆಯುತ್ತಾರೆ. ಬೆಳಗಾವಿಯಿಂದ ಎರಡು ಮೂರು ಗಂಟೆಯ ದಾರಿಯ ಊರಿನಲ್ಲಿ ಇಂಥ ಕೆಲಸ ನಡೆದಿತ್ತೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನ್ನ ಅಳತೆಗೋಲು ಸರಳ. 'ಪ್ರಿಪೋನ್' ಇರಲಿ, ಇಂಗ್ಲಿಷ್ ನಿಘಂಟುಗಳೇ ಅದನ್ನು ಒಳಗೆ ಕರೆದುಕೊಂಡಿವೆ. 'ಡಿಸ್ಕಸ್ ಅಬೌಟ್' ಹೆಚ್ಚಿನ ಹಾನಿ ಮಾಡುವುದಿಲ್ಲ, ಇಷ್ಟವಿದ್ದರೆ ತಿದ್ದಿಕೊಳ್ಳಿ. ಆದರೆ ಹೇಳಬೇಕೆಂದಿದ್ದ ಸಂಗತಿಯೇ ಬದಲಾಗಿಹೋಗುವ ಕಡೆ ಮಾತ್ರ ಬಿಡಕೂಡದು.

ಅಂಥ ಒಂದು ಪದ ಅವಳ ನಾಲ್ಕನೇ ಅಧ್ಯಾಯದಲ್ಲಿತ್ತು. ಮೂವತ್ತರಲ್ಲಿ 17 ಅಂಗಡಿಯವರು ಚಿಲ್ಲರೆಯ ತಂಟೆ ತಪ್ಪಿತು ಎಂದಿದ್ದರು. ಅದನ್ನವಳು ಬಣ್ಣದ ವೃತ್ತಚಿತ್ರದ ಕೆಳಗೆ ಶೇ. 56.7 ಎಂದು ದಶಮಾಂಶ ಸಮೇತ ಬರೆದು, ಇದು 'ಸಿಗ್ನಿಫಿಕೆಂಟ್ ಡಿಫರೆನ್ಸ್' ಎಂದಿದ್ದಳು. ಮಾತಿನಲ್ಲಿ 'ಸಿಗ್ನಿಫಿಕೆಂಟ್' ಎಂದರೆ ಗಮನಿಸತಕ್ಕದ್ದು. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೊಂದು ಪರೀಕ್ಷೆ ಇದೆ. ವ್ಯತ್ಯಾಸ ಆಕಸ್ಮಿಕವಾಗಿ ಬಂದದ್ದಲ್ಲ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಆ ಪದ ಬಳಸುವ ಹಕ್ಕು. ಮೂವತ್ತರಲ್ಲಿ ಹದಿನೇಳಕ್ಕೆ ಆ ಹಕ್ಕಿಲ್ಲ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಒಂದೇ ಪದ ಒಂದೊಂದು ವಿಭಾಗದಲ್ಲಿ ಒಂದೊಂದು ವೇಷ ಹಾಕುತ್ತದೆ. ಕಾಕ್ಸ್‌ಹೆಡ್ ಪಟ್ಟಿಯ ಮೇಲೆ 2007ರಲ್ಲಿ ಕೆನ್ ಹೈಲಂಡ್ ಮತ್ತು ಪಾಲಿ ತ್ಸೆ ಎಂಬ ಸಂಶೋಧಕರು ಎತ್ತಿದ ಆಕ್ಷೇಪವೂ ಇದೇ. ಎಲ್ಲ ವಿಷಯಗಳಿಗೂ ಸಲ್ಲುವ ಒಂದು 'ಶೈಕ್ಷಣಿಕ ಪದಕೋಶ' ನಿಜಕ್ಕೂ ಇದೆಯೇ ಎಂದು ಅವರು ಕೇಳಿದ್ದರು. ನನ್ನ ಮಟ್ಟಿಗೆ ಎರಡೂ ಕಡೆಯವರು ಸರಿ. ಪಟ್ಟಿ ದಾರಿ ತೋರಿಸುತ್ತದೆ, ಮನೆ ಹುಡುಕಿಕೊಳ್ಳುವುದು ನಮ್ಮ ಕೆಲಸ.

ಆ ನಾಲ್ಕನೇ ಅಧ್ಯಾಯದ ಹೆಸರಿನಲ್ಲೇ 'ಅನಾಲಿಸಿಸ್' ಮತ್ತು 'ಇಂಟರ್‌ಪ್ರಿಟೇಶನ್' ಎರಡೂ ಇದ್ದವು. ಅದು ನಮೂನೆ, ಎಲ್ಲರ ಬ್ಲ್ಯಾಕ್ ಬುಕ್ಕಿನಲ್ಲೂ ಇರುತ್ತದೆ. 'ಎರಡಕ್ಕೂ ಏನು ವ್ಯತ್ಯಾಸ?' ಎಂದು ಕೇಳಿದೆ. ಸುಮ್ಮನಾದಳು. ಚಿತ್ರದ ಕೆಳಗೆ ಒಂದೇ ವಾಕ್ಯವನ್ನು ಎರಡು ಸಲ ಬೇರೆ ಬೇರೆ ಪದಗಳಲ್ಲಿ ಬರೆದಿದ್ದಳು, ಅಷ್ಟೇ. ಅಜ್ಜ ಪೇಪರ್ ಮಡಚಿಟ್ಟರು. 'ವಿಶ್ಲೇಷಣೆ ಅಂದರೆ ಬಿಡಿಸಿ ನೋಡುವುದು. ಹಲಸಿನ ಹಣ್ಣು ಕೊಯ್ದು ತೊಳೆ, ಬೀಜ, ಸಾರೆ ಅಂತ ಬೇರೆ ಮಾಡಿ ಇಟ್ಟ ಹಾಗೆ. ಬಕ್ಕೆಯೋ ತುಳುವೆಯೋ, ಇದು ಹಪ್ಪಳಕ್ಕೆ ಆದೀತೋ ಇಲ್ಲವೋ ಅಂತ ಹೇಳುವುದು ಇನ್ನೊಂದು, ಅದು ಅರ್ಥೈಸುವುದು.' ಇಷ್ಟು ಚೆಂದದ ವಿವರಣೆ ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ಅಜ್ಜನಿಗೆ ಗೊತ್ತಾದದ್ದು ಹೇಗೆ ಎಂಬುದಕ್ಕೆ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಕಲಿತ ಆ ಪೀಳಿಗೆಗೆ ಇಂಗ್ಲಿಷ್ ಮಾತು ಬರುತ್ತಿರಲಿಲ್ಲ. ಆದರೆ ಕನ್ನಡದ ಮೇಲುಸ್ತರದ ಪದಗಳು, ವಿಶ್ಲೇಷಣೆ, ಪರಿಣಾಮ, ಪ್ರಮಾಣ, ಆಧಾರ, ಊಹೆ, ಕೈಯಲ್ಲಿದ್ದವು. ಪರಿಕಲ್ಪನೆ ಮೊದಲೇ ಮನೆಯಲ್ಲಿತ್ತು, ಇಂಗ್ಲಿಷಿನಿಂದ ತರಬೇಕಾಗಿದ್ದದ್ದು ಹೆಸರಿನ ಚೀಟಿ ಮಾತ್ರ. ಅದನ್ನು ಅವರು ಪತ್ರಿಕೆಯಿಂದ, ಬ್ಯಾಂಕಿನ ಸುತ್ತೋಲೆಯಿಂದ ಒಂದೊಂದಾಗಿ ನೋಟುಬುಕ್ಕಿಗೆ ಇಳಿಸಿಕೊಂಡರು. ಅಜ್ಜ ಆ ನೋಟುಬುಕ್ಕು ತೋರಿಸಿದರು. ಪದ ಒಂಟಿಯಾಗಿ ಎಲ್ಲೂ ಇರಲಿಲ್ಲ. ವಾಕ್ಯ ಪೂರ್ತಿ ಇತ್ತು, ಪದದ ಕೆಳಗೆ ಗೆರೆ. 'ಇಂಟರಾಗೇಟ್' ಒಂದು ಕಳ್ಳತನದ ಸುದ್ದಿಯಲ್ಲಿ ಸಿಕ್ಕಿತ್ತು.

ಮೊಮ್ಮಗಳದು ತಿರುಗುಮುರುಗು. ಕೆನಡಾದ ಜಿಮ್ ಕಮಿನ್ಸ್ ಎಂಬ ಸಂಶೋಧಕ 1979ರಲ್ಲೇ ಆಟದ ಮೈದಾನದ ಭಾಷೆಗೂ ಪಾಠದ ಭಾಷೆಗೂ ಗೆರೆ ಎಳೆದು ತೋರಿಸಿದ. ಮೊದಲನೆಯದು ಒಂದೆರಡು ವರ್ಷಕ್ಕೆ ಬರುತ್ತದೆ, ಎರಡನೆಯದಕ್ಕೆ ಐದರಿಂದ ಏಳು ವರ್ಷವೂ ಬೇಕಾಗುತ್ತದೆ ಎಂಬುದು ಅವನ ಅಂದಾಜು. ಮನೆಭಾಷೆಯಲ್ಲಿ ಪಾಠದ ಪದಗಳು ಗಟ್ಟಿಯಾಗಿದ್ದರೆ ಅವು ಎರಡನೇ ಭಾಷೆಗೂ ಹರಿಯುತ್ತವೆ ಎಂದೂ ಅವನು ಹೇಳಿದ. ನಮ್ಮ ಉಪನಗರದ ಮಕ್ಕಳಿಗೆ ಐದು ಭಾಷೆಗಳಲ್ಲಿ ಆಟದ ಮೈದಾನ ಗೊತ್ತು. ಪಾಠದ ಪದ ಮಾತ್ರ ಯಾವ ಭಾಷೆಯಲ್ಲೂ ಪೂರ್ತಿ ತಮ್ಮದಾಗಿಲ್ಲ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದೇವೆ, ಇಂಗ್ಲಿಷ್ ತಾನಾಗಿ ಬರುತ್ತದೆ ಎಂದು ನಾವು ತಂದೆತಾಯಂದಿರು ನಿರಾಳವಾಗಿದ್ದುದರ ಫಲ ಇದು. ಕನ್ನಡದ ನಡುಮನೆಗೆ ಬೀಗ ಹಾಕಿದ್ದು ನಾವೇ.

ಎರವಲು ತಂದ ದೊಡ್ಡ ಪದಗಳ ಈ ತಲೆಬಿಸಿ ಬೊರಿವಲಿಗೆ ಹೊಸದೂ ಅಲ್ಲ. ನ್ಯಾಷನಲ್ ಪಾರ್ಕಿನ ಗೇಟು ದಾಟಿ ಒಳಗೆ ಹೋದರೆ ಕಾನ್ಹೇರಿ ಗುಹೆಗಳು. ಅಲ್ಲಿಯ ಬಂಡೆಯಲ್ಲಿ ಶಕ 765, 775, 799ರ ಶಾಸನಗಳಿವೆ. ರಾಷ್ಟ್ರಕೂಟ ಅಮೋಘವರ್ಷ ಚಕ್ರವರ್ತಿ, ಅವನ ಕೈಕೆಳಗಿನ ಶಿಲಾಹಾರರು ಕೊಂಕಣದ ದೊರೆಗಳು. ಒಂದರಲ್ಲಿ ದಾನಿ ಗೌಡದೇಶದವನು, ಅಂದರೆ ಬಂಗಾಳದವನು. ಬಂಗಾಳಿಯ ದುಡ್ಡು, ಕೊಂಕಣದ ಬೆಟ್ಟ, ಕನ್ನಡ ಚಕ್ರವರ್ತಿಯ ಹೆಸರು, ಬರೆದದ್ದು ಸಂಸ್ಕೃತದಲ್ಲಿ. ಪ್ರತಿಷ್ಠೆಯ ಭಾಷೆ ಅಂದು ಅದು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆಯುತ್ತ, ಸಂಸ್ಕೃತ ಪದಗಳನ್ನು ಕನ್ನಡದೊಳಗೆ ವಿವೇಚನೆಯಿಲ್ಲದೆ ಬೆರೆಸುವವರಿಗೆ ಎಚ್ಚರಿಕೆ ಕೊಟ್ಟ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗಾಗುತ್ತದೆ ಎಂಬ ಹೋಲಿಕೆ ಅವನದು. ಬೆರೆಸಲೇಬೇಡಿ ಎಂದು ಅವನು ಹೇಳಲಿಲ್ಲ. ಯಾವುದು ಯಾವುದರ ಜೊತೆ ಕೂಡುತ್ತದೆ ನೋಡಿ ಬೆರೆಸಿ ಎಂದ. ಫರ್ತ್‌ಗಿಂತ ಸಾವಿರದ ನೂರು ವರ್ಷ ಮೊದಲು.

ದೊಡ್ಡ ಪದಕ್ಕೆ ದೊಡ್ಡ ಅಂಕ ಬರುತ್ತದೆಯೇ ಎಂಬುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಡೇನಿಯಲ್ ಆಪನ್‌ಹೈಮರ್ ಎಂಬ ಸಂಶೋಧಕ ಸ್ಟ್ಯಾನ್‌ಫರ್ಡಿನ 110 ವಿದ್ಯಾರ್ಥಿಗಳನ್ನು ಕೇಳಿದಾಗ ನೂರಕ್ಕೆ 86ರಷ್ಟು ಮಂದಿ, ಬುದ್ಧಿವಂತರಾಗಿ ಕಾಣಲು ಪದಗಳನ್ನು ಜಟಿಲ ಮಾಡಿದ್ದುಂಟು ಎಂದು ಒಪ್ಪಿಕೊಂಡರು. ಆಮೇಲೆ ಒಂದೇ ಬರಹದ ಸರಳ ರೂಪವನ್ನೂ ಥೆಸಾರಸ್ ಹಚ್ಚಿದ ರೂಪವನ್ನೂ ಓದುಗರಿಗೆ ಕೊಟ್ಟ. ಪದ ದೊಡ್ಡದಾದಷ್ಟೂ ಬರೆದವನ ಬುದ್ಧಿ ಕಡಿಮೆ ಎಂದು ಓದುಗರು ಅಂದಾಜಿಸಿದರು. 2006ರಲ್ಲಿ ಈ ಪ್ರಬಂಧಕ್ಕೆ ಇಗ್ ನೊಬೆಲ್ ಎಂಬ ಹಾಸ್ಯ ಪ್ರಶಸ್ತಿ ಬಂತು. ಪ್ರಬಂಧದ ಶೀರ್ಷಿಕೆಯನ್ನು ಅವನು ಬೇಕೆಂದೇ ನಾಲಗೆ ಹೊರಳದಂಥ ಪದಗಳಲ್ಲಿ ಹೆಣೆದಿದ್ದ.

ಈಗ ಹೊಸ ಪರಿಸ್ಥಿತಿ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಶಿಫ್ಟ್ ಎಫ್7 ಅಜ್ಜಿ ಕಾಲದ ಉಪಾಯ. ಯಂತ್ರ ಬರೆದ ಬ್ಲ್ಯಾಕ್ ಬುಕ್ಕೂ ಒಂದು ನನ್ನ ಕೈಗೆ ಬಂದಿತ್ತು. ಒಂದೇ ಒಂದು ತಪ್ಪಿಲ್ಲ, ಒಂದೇ ಒಂದು ಅಂಗಡಿಯ ವಾಸನೆಯೂ ಇಲ್ಲ. ಎಲ್ಲ ಕಡೆ 'ಡೆಲ್ವ್', 'ಇಂಟ್ರಿಕೇಟ್', 'ಪಿವೋಟಲ್'. ವೈದ್ಯಕೀಯ ಸಂಶೋಧನೆಗಳ ಸಾರಾಂಶಗಳನ್ನು ಲಕ್ಷಗಟ್ಟಲೆ ಎಣಿಸಿದ ಜರ್ಮನಿಯ ಟ್ಯೂಬಿಂಗನ್ನಿನ ಸಂಶೋಧಕರು ಇಂಥ ಪದಗಳು ದಿಢೀರನೆ ಹೆಚ್ಚಿದ್ದನ್ನು ಗುರುತಿಸಿ, 2024ರ ಸಾರಾಂಶಗಳಲ್ಲಿ ಕನಿಷ್ಠ ಹತ್ತರಲ್ಲಿ ಒಂದಕ್ಕೆ ಯಂತ್ರದ ಕೈ ಸೋಕಿದೆ ಎಂದು ಅಂದಾಜು ಮಾಡಿದರು. 'ಇಂಟರಾಗೇಟ್' ಬರೆದವಳು ಕನಿಷ್ಠಪಕ್ಷ ಅಂಗಡಿಗೆ ಹೋಗಿದ್ದಳು. ನನಗೆ ಆ ತಪ್ಪೇ ಹೆಚ್ಚು ಪ್ರೀತಿಯದು.

ಎರಡು ರಾತ್ರಿ ಕೂತೆವು. ನಾನು ಮಾಡಿದ್ದು ಇಷ್ಟೇ. ಒಂದೊಂದು ವಾಕ್ಯಕ್ಕೂ 'ಇದನ್ನು ಅಜ್ಜನಿಗೆ ತುಳುವಿನಲ್ಲಿ ಹೇಳು' ಎಂದೆ. ಹೇಳಲು ಬಂದರೆ ಇಂಗ್ಲಿಷಿಗೆ ಇಳಿಸಿದಳು, ಬಾರದಿದ್ದರೆ ವಾಕ್ಯ ಹೊಡೆದು ಹಾಕಿದಳು. ಅವಳ ವಿಷಯದ ಮೇಲೆಯೇ ಬಂದ ನಾಲ್ಕು ಒಳ್ಳೆಯ ಸಂಶೋಧನಾ ಲೇಖನ ತೆಗೆದು, 'ಸರ್ವೆ', 'ಡೇಟಾ', 'ಫೈಂಡಿಂಗ್' ಪದಗಳ ಎಡಬಲದಲ್ಲಿ ಯಾವ ಕ್ರಿಯಾಪದ ಕೂತಿದೆ ಎಂದು ಗೆರೆ ಹಾಕಿಸಿದೆ. ಅಜ್ಜನ ನೋಟುಬುಕ್ಕಿನ ಪದ್ಧತಿಯೇ, ಹೊಸತೇನಲ್ಲ. 'ಯುಟಿಲೈಜ್' 41 ಕಡೆ ಇತ್ತು. 40 ಕಡೆ 'ಯೂಸ್' ಆಯಿತು. ಒಂದನ್ನು ಅವಳ ಸಮಾಧಾನಕ್ಕೆ ಬಿಟ್ಟೆ. 'ಇಂಟರಾಗೇಟ್' ಹೋಗಿ 'ಇಂಟರ್‌ವ್ಯೂ' ಬಂತು. ಶೇ. 56.7 ಹೋಗಿ ಮೂವತ್ತರಲ್ಲಿ ಹದಿನೇಳು ಬಂತು. ಎಂಬತ್ತು ಪುಟ ಅರವತ್ತೆರಡಾಯಿತು. ಪುಟ ಕಡಿಮೆಯಾಯಿತಲ್ಲ ಎಂದು ಅವಳಿಗೆ ಗಾಬರಿ. ಕೊನೆಗೆ ಪ್ರಶ್ನಾವಳಿಯನ್ನು ಅನುಬಂಧವಾಗಿ ಸೇರಿಸಿದೆವು.

ಒಂದು ಪುಟ ಮಾತ್ರ ನಮ್ಮ ಕೈಗೆ ದಕ್ಕಲಿಲ್ಲ. ಅದು ಕೃತಜ್ಞತೆಯ ಪುಟ. ಈ ನಗರದ ಸಾವಿರಾರು ಬ್ಲ್ಯಾಕ್ ಬುಕ್ಕುಗಳಲ್ಲಿ ಆ ಪುಟ ಅಕ್ಷರಶಃ ಒಂದೇ. ನೆರವಾದವರನ್ನೆಲ್ಲ 'ಐಡಿಯಲಿಸ್ಟಿಕ್ ಚಾನೆಲ್ಸ್ ಅಂಡ್ ಫ್ರೆಶ್ ಡೈಮೆನ್ಷನ್ಸ್' ಎಂದು ಅದರಲ್ಲಿ ವಂದಿಸಲಾಗುತ್ತದೆ. ಆದರ್ಶವಾದಿ ಕಾಲುವೆಗಳು, ತಾಜಾ ಆಯಾಮಗಳು! ಇದರ ಅರ್ಥವೇನೆಂದು ಕೇಳಿದೆ. 'ಗೊತ್ತಿಲ್ಲ ಅಂಕಲ್, ಫಾರ್ಮ್ಯಾಟ್. ಚೇಂಜ್ ಮಾಡಿದರೆ ವಾಪಸ್ ಕಳಿಸ್ತಾರೆ' ಎಂದಳು. ಹಾಗೆಯೇ ಬೈಂಡ್ ಆಯಿತು. ಅಜ್ಜನ ಹೆಸರನ್ನು ಕೊನೆಯ ಸಾಲಿನಲ್ಲಿ ಪೆನ್ನಿನಿಂದ ಬರೆದಿದ್ದಾಳೆ.